ಪ್ರತಿ ಸಲವೂ ಒಂದೇ ಮಿಲಿಮೀಟರ್

ನಾನು ರೇಡಿಯಾಲಜಿಸ್ಟ್. ಒಳಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಡ್ಡೆ ಬರುತ್ತದೆ, ವೆಸ್ಟಿಬ್ಯುಲರ್ ಶ್ವಾನೋಮಾ ಅಂತ. ಅಕೌಸ್ಟಿಕ್ ನ್ಯೂರೋಮಾ ಅನ್ನುವ ಹಳೆಯ ಹೆಸರೂ ಇನ್ನೂ ಚಾಲ್ತಿಯಲ್ಲಿದೆ. ಕ್ಯಾನ್ಸರ್ ಅಲ್ಲ. ಎಷ್ಟೋ ಗಡ್ಡೆಗಳು ಬೆಳೆಯದೆ ಸುಮ್ನೆ ಕೂತಿರುತ್ತವೆ. ಅದಕ್ಕೇ ಚಿಕ್ಕದಿದ್ದರೆ ಆಪರೇಷನ್‌ಗೆ ಅವಸರ ಮಾಡುವುದಿಲ್ಲ. ಸಾಮಾನ್ಯವಾಗಿ 6 ತಿಂಗಳಿಗೆ ಒಂದು ಎಂಆರ್‌ಐ, ಆಮೇಲೆ ವರ್ಷಕ್ಕೊಂದು. ಅಳೆಯುವ ಕೆಲಸ ನಮ್ಮದು.

ಒಬ್ಬರ ಗಡ್ಡೆಯನ್ನು ನಾಲ್ಕು ಸಲ ನಾನೇ ನೋಡಿದ್ದೆ. 11 ಮಿ.ಮೀ., 12, 13, ಆಮೇಲೆ 14. ಎರಡು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸವನ್ನು ಅಳತೆಯ ಏರುಪೇರು ಅಂತಲೇ ಲೆಕ್ಕ ಹಿಡಿಯುತ್ತೇವೆ. ಹಾಗಾಗಿ ಪ್ರತಿ ಸಲ ಹಿಂದಿನ ವರ್ಷದ ಸ್ಕ್ಯಾನ್ ಪಕ್ಕಕ್ಕಿಟ್ಟುಕೊಂಡು ‘ಬದಲಾವಣೆ ಇಲ್ಲ’ ಅಂತ ಬರೆದೆ. ನಾಲ್ಕನೇ ರಿಪೋರ್ಟ್ ಹಿಡಿದು ಅವರೇ ಬಂದರು. “ಡಾಕ್ಟ್ರೇ, ಮೊದಲು 11 ಇತ್ತು, ಈಗ 14. ಬದಲಾವಣೆ ಇಲ್ಲ ಅಂದ್ರೆ ಹೇಗೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ಹಿಂದಿನ ಸ್ಕ್ಯಾನ್ ಜೊತೆಗೆ ಮೊಟ್ಟಮೊದಲನೆಯದನ್ನೂ ತೆರೆಯುತ್ತೇನೆ. ಹಳೇ ರಿಪೋರ್ಟಿನ ಅಂಕಿಯನ್ನು ನಂಬುವುದಿಲ್ಲ, ಅದು ನಾನೇ ಬರೆದದ್ದಾದರೂ. ಎರಡನ್ನೂ ಅಕ್ಕಪಕ್ಕ ಇಟ್ಟು ಹೊಸದಾಗಿ ಅಳೆಯುತ್ತೇನೆ. ಯಾಕೆಂದರೆ ಈ ಗಡ್ಡೆಯ ಆಕಾರವೇ ಮೋಸ ಮಾಡುತ್ತದೆ. ಒಂದು ತುದಿ ಮೂಳೆಯ ಕಾಲುವೆಯೊಳಗೆ ಚೂಪಾಗಿ ಹೊಕ್ಕಿರುತ್ತದೆ, ಇನ್ನೊಂದು ಹೊರಗೆ ಮೆದುಳಿನ ಕಡೆ ದುಂಡಗೆ ಉಬ್ಬಿರುತ್ತದೆ. ಥೇಟ್ ಕೋನ್ ಐಸ್‌ಕ್ರೀಂ. ಒಂದು ವರ್ಷ ಕೋನ್ ಸೇರಿಸಿ ಅಳೆದು, ಇನ್ನೊಂದು ವರ್ಷ ಬರೀ ಉಂಡೆ ಅಳೆದರೆ ಗಡ್ಡೆ ಕುಗ್ಗಿದ ಹಾಗೇ ಕಾಣುತ್ತದೆ! ಗೆರೆಯನ್ನು ಸ್ವಲ್ಪ ಓರೆಯಾಗಿ ಎಳೆದರೂ ಅಂಕಿ ಬದಲಾಗುತ್ತದೆ. ನಾನು ಹೊರಗಿನ ಉಂಡೆಯ ಅಗಲವನ್ನು ಬೇರೆಯಾಗಿ, ಒಳಗಿನ ಭಾಗವನ್ನು ಬೇರೆಯಾಗಿ ಬರೆಯುತ್ತೇನೆ. ಯಾವ ಸ್ಲೈಸ್ (ಎಂಆರ್‌ಐ ಪದರ ಪದರವಾಗಿ ತೆಗೆಯುವ ಚಿತ್ರಗಳಲ್ಲಿ ಒಂದು), ಯಾವ ದಿಕ್ಕು ಅಂತಲೂ ಗುರುತು ಹಾಕುತ್ತೇನೆ.

ಸ್ಲೈಸ್ ದಪ್ಪವೂ ಮುಖ್ಯ. 3 ಮಿ.ಮೀ. ಸ್ಲೈಸ್‌ನಲ್ಲಿ 1 ಮಿ.ಮೀ. ಬೆಳವಣಿಗೆ ಹುಡುಕುವುದು ಸೌಟಿನಲ್ಲಿ ಚಿನ್ನ ಅಳೆದ ಹಾಗೆ. ಒಂದು ಮಿಲಿಮೀಟರಿಗಿಂತ ತೆಳುವಾದ ಸ್ಲೈಸ್ ಇದ್ದರೆ, ಎಷ್ಟೋ ಸಲ ಗಡ್ಡೆ ಎದ್ದು ಕಾಣಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಇಲ್ಲದೆಯೂ ಹಿಂಬಾಲಿಸಬಹುದು.

ಇನ್ನೊಂದು ಮಾತು. ಗಡ್ಡೆ ಇದ್ದಷ್ಟೇ ಇದ್ದರೂ ಕಿವಿ ಮಂದವಾಗಬಹುದು. ‘ಬೆಳೆದಿಲ್ಲ’ ಅಂದ ಮಾತ್ರಕ್ಕೆ ಕೇಳುವಿಕೆಯ ಟೆಸ್ಟ್ ಬಿಡುವ ಹಾಗಿಲ್ಲ. ಇದನ್ನು ರೋಗಿಗಳಿಗೆ ಹೇಳುವವರು ಕಡಿಮೆ.

ಅವರ ಮೊದಲ ಸ್ಕ್ಯಾನ್ ಮತ್ತೆ ಅಳೆದೆ. 11ಕ್ಕೆ 11ಏ ಬಂತು. ರಿಪೋರ್ಟ್ ತಿದ್ದಿ, ಅವರ ಸರ್ಜನ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಮುಂದೆ ಅವರಿಗೆ ರೇಡಿಯೋಸರ್ಜರಿ ಆಯಿತು, ಅಂದರೆ ಕೊಯ್ಯದೆ ಗಡ್ಡೆಗೇ ಗುರಿಯಿಟ್ಟು ರೇಡಿಯೇಷನ್ ಕೊಡುವುದು. ಅದಾದ ಮೇಲಿನ ಮೊದಲ ಸ್ಕ್ಯಾನ್‌ನಲ್ಲಿ 16 ಇತ್ತು. ರೇಡಿಯೇಷನ್ ಕೊಟ್ಟ ಮೇಲೆ ಗಡ್ಡೆ ಕೆಲವು ತಿಂಗಳು ಊದಿಕೊಂಡು, ಆಮೇಲೆ ಇಳಿಯುವುದುಂಟು. ಈ ಸಲ ‘ಬೆಳೆದಿದೆ’ ಅಂತ ಬರೆಯುವ ಆತುರ ಮಾಡಲಿಲ್ಲ. ‘ಊತ ಇರಬಹುದು, 6 ತಿಂಗಳ ನಂತರ ಮತ್ತೆ ನೋಡೋಣ’ ಅಂತ ಬರೆದು, ಅವರನ್ನೇ ಕೂರಿಸಿಕೊಂಡು ಎಲ್ಲಾ ಸ್ಕ್ಯಾನ್‌ಗಳನ್ನೂ ಸಾಲಾಗಿ ತೋರಿಸಿದೆ.