ಸಬ್‌ವೂಫರ್ ಬರ್ರ್ ಅಂತಿದ್ಯಾ? ಬಿಚ್ಚೋಕ್ ಮುಂಚೆ ಇಷ್ಟು ನೋಡಿ

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಕಡೆ ಎಲ್ರೂ ಮನೇಲೇ ಕೂತು ಸಿನಿಮಾ ನೋಡೋದು, ಈ ಕಂಪ್ಲೇಂಟೂ ಆಗ್ಲೇ ಜಾಸ್ತಿ, ಬೇಸ್ ಬಂದಾಗೆಲ್ಲ ಬರ್ರ್ ಅಂತದೆ, ವೂಫರ್ (ಸಬ್ ಡಬ್ಬದೊಳಗಿನ ದೊಡ್ಡ ಸ್ಪೀಕರ್) ಹರಿದೋಯ್ತು ಅನ್ಸತ್ತೆ ಅಂತ. ಹೊಸ ವೂಫರ್ ತರೋಕೆ ಶಿವಮೊಗ್ಗಕ್ಕೆ ಹೊರಡೋಕ್ ಮುಂಚೆ ಸ್ವಲ್ಪ ತಡೀರಿ. ನಾನು ನೋಡಿರೋ ಹಾಗೆ ವೂಫರೇ ಹೋಗಿರೋದು ಕಮ್ಮಿ, ಬಹಳ ಸಲ ಕಿತಾಪತಿ ಸೆಟಿಂಗ್‌ದು, ಇಲ್ಲಾ ಮನೇದೇ.

ಮನೇದು ಅಂದ್ರೆ ಹೆಂಚಿನ ಮಾಡು, ಮರದ ಮುಚ್ಚಿಗೆ, ಅಟ್ಟದ ಮೇಲೆ ಒಟ್ಟಿರೋ ಹಳೇ ಪಾತ್ರೆ, ಗೋಡೇಲಿರೋ ಫೋಟೋ, ಇದೆಲ್ಲಾ 30-50 ಹರ್ಟ್ಸ್ ಸದ್ದಿಗೆ ನಡುಗತ್ತೆ, ನಮಗೆ ಮಾತ್ರ ವೂಫರೇ ಒಡೆದಂಗೆ ಕೇಳತ್ತೆ. ಯೂಟ್ಯೂಬಲ್ಲಿ 20ರಿಂದ 120 ಹರ್ಟ್ಸ್ ತನಕ ಏರ್ತಾ ಹೋಗೋ ಸ್ವೀಪ್ ಟೋನ್ ಸಿಗತ್ತೆ, ಅದನ್ನ ಹಾಕಿ, ಆದ್ರೆ ಸಣ್ಣ ವಾಲ್ಯೂಮಲ್ಲೇ, ಟೋನ್ ಬಿಡುವಿಲ್ದೆ ಬರೋದ್ರಿಂದ ವೂಫರ್ ಒಳಗಿನ ತಂತಿ ಸುರುಳಿ, ಅಂದ್ರೆ ಕಾಯಿಲ್, ಬೇಗ ಬಿಸಿಯಾಗತ್ತೆ. ಬರ್ರ್ ಶುರುವಾದ ಜಾಗದ ಟೋನನ್ನೇ ಮತ್ತೆ ಮತ್ತೆ ಹಾಕ್ತಾ ಒಬ್ರು ಮನೆ ಸುತ್ತಿ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡೀಬೇಕು. ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಪ್ಪನ ಮನೇಲಿ ಹಿಂಗೆ ಮಾಡ್ವಾಗ ಶೋಕೇಸಿನ ಜಾರೋ ಗಾಜಿಗೆ ಬೆರಳಿಟ್ಟ ತಕ್ಷಣ ಸದ್ದು ಮಾಯ! ಗಾಜಿನ ಸಂದಿಗೆ ಮಡಚಿದ ರಟ್ಟು ತುರುಕಿದ್ವಿ, ಅಷ್ಟೇ ರಿಪೇರಿ. ಆದ್ರೂ ಅನುಮಾನ ಉಳಿದ್ರೆ ಸಬ್‌ನ ಜಗುಲಿಗೆ ಎತ್ಕೊಂಡು ಹೋಗಿ ಅದೇ ಟೋನ್ ಹಾಕಿ, ಅಲ್ಲಿ ಕ್ಲೀನಾಗಿದ್ರೆ ತಪ್ಪು ವೂಫರ್‌ದಲ್ಲ. ಮೂಲೇಲಿಟ್ಟಿದ್ರೆ ಗೋಡೆಯಿಂದ ಒಂದೆರಡು ಅಡಿ ಈಚೆಗೆ ತನ್ನಿ, ಮೂಲೇಲಿ ಬೇಸ್ ಹೆಂಗೂ ಉಬ್ಬತ್ತೆ.

ಈಗ ಸೆಟಿಂಗು. ರಿಸೀವರ್ (ಎಲ್ಲಾ ಸ್ಪೀಕರಿಗೂ ಸದ್ದು ಹಂಚೋ ಡಬ್ಬ) ಮೆನುಲಿ ಸಬ್ ಲೆವೆಲ್ ಪ್ಲಸ್ 8, ಪ್ಲಸ್ 10 ಅಂತ ಏರ್ಸಿ, ಸಬ್ ಹಿಂದಿನ ಗೇನ್ (ಸದ್ದಿನ ಮಟ್ಟದ) ನಾಬ್ ಮಾತ್ರ ಕಾಲು ಭಾಗದಲ್ಲಿ ಬಿಟ್ಟಿರ್ತಾರೆ. ಹಂಗಿದ್ರೆ ರಿಸೀವರ್ ಸಬ್‌ಗೆ ಕಳ್ಸೋ ಸಿಗ್ನಲ್ಲೇ ಮಿತಿ ಮುಟ್ಟಿ, ಬೇಲಿ ಗಿಡ ಸವರಿದಂಗೆ ಅಲೆಯ ತುದಿ ಚಪ್ಪಟೆಯಾಗತ್ತೆ, ಕ್ಲಿಪಿಂಗ್ ಅನ್ನೋದು ಇದನ್ನೇ. ಆಮೇಲೆ ಸಬ್ ಎಷ್ಟು ದುಬಾರಿದಾದ್ರೂ ಆ ಒಡೆದ ಸದ್ದನ್ನೇ ದೊಡ್ಡದು ಮಾಡತ್ತೆ. ಉಲ್ಟಾ ಮಾಡಿ: ನಾಬ್ ಅರ್ಧಕ್ಕೆ, ಮೆನುಲಿ ಸೊನ್ನೆ ಅಥವಾ ಮೈನಸ್ 3-4. ಮೆನುಲಿ ಕ್ರಾಸೋವರ್, ಅಂದ್ರೆ ಎಷ್ಟಕ್ಕಿಂತ ಕೆಳಗಿನ ಸದ್ದು ಸಬ್ಬಿಗೆ ಹೋಗ್ಬೇಕು ಅನ್ನೋ ಗೆರೆ, 80 ಹರ್ಟ್ಸ್ ಇಡಿ, ಸಬ್ ಹಿಂದಿನ ಕ್ರಾಸೋವರ್ ನಾಬನ್ನ ಪೂರ್ತಿ ಮೇಲಕ್ಕೆ ತಿರುಗ್ಸಿಬಿಡಿ, ಎರಡೆರಡು ಕಡೆ ಕತ್ತರಿಸೋದು ಬೇಡ. ಬೇಸ್ ಬೂಸ್ಟ್, ಲೌಡ್‌ನೆಸ್, ಟಿವಿ ಒಳಗಿನ ಈಕ್ವಲೈಸರ್ ಎಲ್ಲಾ ಆಫ್. ಸಿನಿಮಾದ ಎಲ್‌ಎಫ್‌ಇ ಚಾನಲ್ಲಿಗೆ (ಬರೀ ಬೇಸಿಗೆ ಅಂತ ಇರೋದು) ಬೇರೆ ಚಾನಲ್‌ಗಿಂತ 10 ಡೆಸಿಬಲ್ ಜಾಸ್ತಿ ಜಾಗ ಕೊಟ್ಟಿರ್ತಾರೆ, ಅದ್ರ ಮೇಲೆ ನಾವೂ ಬೂಸ್ಟ್ ಹಾಕಿದ್ರೆ ಬಾಂಬ್ ಸೀನಲ್ಲಿ ಬರ್ರ್ ಅನ್ನದೆ ಇನ್ನೇನ್ ಅನ್ನತ್ತೆ ಮಾರಾಯ್ರೆ.

ಅಸೆಂಬಲ್ ಆಂಪ್ (ಬಿಡಿ ಬೋರ್ಡಿಂದ ಜೋಡ್ಸಿದ ಆಂಪ್ಲಿಫೈಯರ್) ಇರೋರಿಗೆ ಒಂದು ಮಾತು. 4440 ಐಸಿ ಬೋರ್ಡಿನ ಎರಡೂ ಚಾನಲ್ ಸೇರ್ಸಿ ಬ್ರಿಡ್ಜ್ ಮಾಡಿದ್ರೂ ಕೊಡೋದು ಸುಮಾರು 19 ವ್ಯಾಟ್. ಡಬ್ಬದ ಮೇಲೆ ಎಷ್ಟೇ ಸಾವಿರ ವ್ಯಾಟ್ ಬರೆದಿರ್ಲಿ, ಅದಕ್ಕೆ 10 ಇಂಚಿನ ವೂಫರ್ ಹಾಕಿ ಹಾಲ್ ತುಂಬ ಸದ್ದು ಬೇಕು ಅಂದ್ರೆ ಕ್ಲಿಪ್ ಆಗೇ ಆಗತ್ತೆ. ಟ್ರಾನ್ಸ್‌ಫಾರ್ಮರ್ ಇರೋ ಆಂಪಲ್ಲಿ ಕರೆಂಟಿನ ವೋಲ್ಟೇಜ್ ಇಳಿದ್ರೂ ಇದೇ ಕಥೆ, ಹಗಲು ಚೆನ್ನಾಗಿದ್ದು ತೋಟಕ್ಕೆ ಪಂಪ್ ಹಾಕಿದಾಗ ಮಾತ್ರ ಒಡೆದ್ರೆ ಮಲ್ಟಿಮೀಟರ್ ಹಿಡಿದು ನೋಡಿ, 230 ಇರ್ಬೇಕಾದಲ್ಲಿ 170-180 ಇದ್ರೆ ಬೇಕಾಗಿರೋದು ಸ್ಟೆಬಿಲೈಸರ್.

ಸಿನಿಮಾ ನಿಲ್ಸಿದ್ರೂ ಗೊಂಯ್ ಅಂತಿದ್ರೆ ಅದು 50 ಹರ್ಟ್ಸ್ ಹಮ್, ಡಿಸ್ಟಾರ್ಶನ್ (ಸದ್ದು ಒಡೆಯೋದು) ಅಲ್ಲ. ಸಬ್ ಹಿಂದಿನ ಆರ್‌ಸಿಎ ವೈರ್ ಕೀಳಿ. ಆಗ ನಿಂತ್ರೆ ವೈರೋ ಅರ್ತಿಂಗೋ ನೋಡ್ಬೇಕು, ಡಿಶ್ ಕೇಬಲ್ಲೂ ಒಂದ್ಸಲ ಬಿಚ್ಚಿ ನೋಡಿ. ಕಿತ್ತ ಮೇಲೂ ನಿಲ್ಲದಿದ್ರೆ ಸಬ್ ಒಳಗಿನ ಆಂಪಲ್ಲೇ ತೊಂದರೆ. ಹಮ್ ಹೋಗ್ಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಮುರೀಬೇಡಿ, ಶಾಕ್ ಹೊಡೆದ್ರೆ ಸದ್ದಿಗಿಂತ ದುಬಾರಿ. ಈ ಹಮ್ ಕರೆಂಟ್ ಹೋದಾಗ ಮಾತ್ರ ಬಂದ್ರೆ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಅನುಮಾನ ಇಡಿ.

ಇಷ್ಟೂ ಮುಗಿದ ಮೇಲೆ ವೂಫರ್ ಕಡೆ ಬನ್ನಿ. ಪ್ಲಗ್ ಕಿತ್ತು, ಪೋರ್ಟ್ (ಡಬ್ಬದ ಗಾಳಿ ತೂತು) ಒಳಗೆ ಟಾರ್ಚ್ ಬಿಡಿ, ನಮ್ಮ ಕಡೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರತ್ತೆ, ಹಲ್ಲಿ ಮೊಟ್ಟೆನೂ ಸಿಗತ್ತೆ. ಪೇಪರ್ ಕೋನಿಗೆ (ವೂಫರಿನ ಬಟ್ಟಲಿನಂಥ ಭಾಗ) ಬೂಷ್ಟು ಹಿಡಿದಿದ್ರೆ ಒಣ ಬ್ರಶ್ಶಲ್ಲಿ ಮೆಲ್ಲಗೆ ಒರೆಸಿ, ನೀರು ಬೇಡ. ಕೋನ್ ಸುತ್ತ ಇರೋ ಅಂಚು ಫೋಮ್‌ದಾದ್ರೆ ನಮ್ಮ ಥಂಡಿಗೆ ವರ್ಷಗಳಲ್ಲಿ ಪುಡಿಯಾಗತ್ತೆ, ರಬ್ಬರ್ ಜಾಸ್ತಿ ಬಾಳತ್ತೆ. ಆಮೇಲೆ ಎರಡೂ ಕೈ ಬೆರಳನ್ನ ಕೋನಿನ ಎದುರುಬದುರು ಇಟ್ಟು ಸಮನಾಗಿ, ನಿಧಾನಕ್ಕೆ ಒಳಗೆ ಒತ್ತಿ ಬಿಡಿ. ಸದ್ದಿಲ್ದೆ ಹೋಗಿ ಬಂದ್ರೆ ಸರಿ. ಮರಳು ಉಜ್ಜಿದಂಗೆ ಕರಕರ ಅಂದ್ರೆ ವಾಯ್ಸ್ ಕಾಯಿಲ್ ಮ್ಯಾಗ್ನೆಟ್ಟಿಗೆ ತಾಗ್ತಿದೆ, ಅದು ರೀಕೋನ್ ಕೆಲಸ, ಅಂದ್ರೆ ಕೋನು ಕಾಯಿಲ್ಲು ಬದಲಾಯಿಸೋದು. ಬರೀ ಅಂಚು ಹರಿದಿದ್ರೆ ಅಂಚೊಂದೇ ಬದಲಾಯಿಸ್ಬಹುದು. ಬಾಂಬ್ ಸೀನಲ್ಲಿ ಟಕ್ ಟಕ್ ಅಂತ ಗಟ್ಟಿ ಸದ್ದು ಬಂದ್ರೆ ಕಾಯಿಲ್ ಹಿಂದಿನ ಪ್ಲೇಟಿಗೆ ಬಡೀತಿದೆ, ಆ ಕ್ಷಣವೇ ವಾಲ್ಯೂಮ್ ಇಳ್ಸಿ.

ಹೊಸ ವೂಫರೇ ಬೇಕು ಅಂತಾದ್ರೆ ಹಳೇದ್ರ ಓಮ್ಸ್ (ಕಾಯಿಲ್ ಕರೆಂಟಿಗೆ ಒಡ್ಡೋ ತಡೆ) ನೋಡ್ಕೊಂಡು ಹೋಗಿ. ಲೇಬಲ್ ಅಳಿಸಿದ್ರೆ ವೈರ್ ಬಿಚ್ಚಿ ಮೀಟರ್ ಹಿಡೀರಿ, 4 ಓಮ್ಸ್‌ದು ಸುಮಾರು 3ರಿಂದ 3.5 ತೋರ್ಸತ್ತೆ, 8ರದ್ದು 6ರ ಆಸುಪಾಸು. ಕಾಯಿಲ್ ಸುಟ್ಟು ಕಟ್ಟಾಗಿದ್ರೆ ಏನೂ ತೋರ್ಸಲ್ಲ, ಆಗ ಆಂಪ್ ಹಿಂದೆ ಬರೆದಿರೋದೇ ಗತಿ. 8 ಓಮ್ಸ್ ಆಂಪಿಗೆ 4ರ ವೂಫರ್ ಹಾಕಿ ಜೋರಾಗಿ ಓಡ್ಸಿದ್ರೆ ಆಂಪ್ ಕಾದು ಅದೂ ರಿಪೇರಿಗೆ ಬರತ್ತೆ.