ಮೆಕ್ಯಾನಿಕಲ್ ವಾಲ್ವ್ ಜೊತೆ ಬದುಕು: ಐಎನ್‌ಆರ್ ಪುಸ್ತಕ ಇಟ್ಟ ನನ್ನ ಅನುಭವ

ನನಗಿರುವುದು ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ, ಮೈಟ್ರಲ್ ಜಾಗದಲ್ಲಿ ಕೂರಿಸಿದ ಮೆಕ್ಯಾನಿಕಲ್ ವಾಲ್ವ್, ಅಂದರೆ ಕೃತಕ ಕವಾಟ. ಪುಟ್ಟ ಬಾಗಿಲುಗಳಂತೆ ತೆರೆದು ಮುಚ್ಚುವ ಎರಡು ಎಲೆ ಅದಕ್ಕೆ. ಪೈರೋಲಿಟಿಕ್ ಕಾರ್ಬನ್ನಿನ ಆ ಎಲೆಗಳು ದಶಕಗಟ್ಟಲೆ ಬಡಿದರೂ ಸವೆಯುವುದು ತೀರಾ ಕಡಿಮೆ. ಹಾಗಾಗಿ ವಾಲ್ವ್ ಕೆಟ್ಟೀತೆಂದು ದಿನವೂ ಎದೆ ಮುಟ್ಟಿ ನೋಡಿಕೊಳ್ಳಬೇಕಿಲ್ಲ. ಅಪಾಯ ಎರಡು ಕಡೆಯಿಂದ ಬರುತ್ತದೆ: ಹೆಪ್ಪು ತಡೆಯಲು ನುಂಗುವ ಮಾತ್ರೆ ಸಾಲದೆ ಹೋದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಮಾತ್ರೆ ಅತಿಯಾದರೆ ಇನ್ನೆಲ್ಲೋ ರಕ್ತ ಸೋರುತ್ತದೆ. ಇವೆರಡರ ನಡುವೆ ಗಾಡಿ ಓಡಿಸಲು ನಮ್ಮ ಕೈಯಲ್ಲಿರುವ ಮೀಟರ್ ಐಎನ್‌ಆರ್ ಒಂದೇ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಅಂಕಿ ಅದು, ಹೆಚ್ಚಿದ್ದಷ್ಟೂ ತಡ.

ಮೈಟ್ರಲ್ ವಾಲ್ವಿಗೆ ಸಾಮಾನ್ಯ ಗುರಿ 2.5ರಿಂದ 3.5. ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವ ಅಯೋರ್ಟಿಕ್ ಜಾಗದಲ್ಲಿ ಎರಡೆಲೆಯ ವಾಲ್ವ್ ಇದ್ದು, ಹೃದಯದ ಬಡಿತ ಸರಿಯಾಗಿದ್ದು, ಬೇರೆ ತೊಂದರೆ ಇಲ್ಲದವರಿಗೆ 2ರಿಂದ 3. ನಿಮ್ಮ ಗುರಿ ಎಷ್ಟೆಂದು ಡಾಕ್ಟರ ಕೈಯಲ್ಲೇ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ಲ್ಯಾಬ್ ರಿಪೋರ್ಟಿನಲ್ಲಿ ‘ನಾರ್ಮಲ್ 0.8–1.2’ ಎಂದು ಅಚ್ಚಾಗಿರುತ್ತದೆ, ನಮ್ಮ 3.0ರ ಪಕ್ಕ ದಪ್ಪಕ್ಷರದಲ್ಲಿ ‘ಹೈ’ ಎಂದಿರುತ್ತದೆ. ಅದನ್ನು ನೋಡಿ ಮನೆಯವರು ಮಾತ್ರೆ ನಿಲ್ಲಿಸಿಬಿಡುವುದುಂಟು. ಟೆಸ್ಟೇ ಬೇಡದ ಹೊಸ ಮಾತ್ರೆಗಳಿವೆಯಲ್ಲ ಎಂದು ಕೇಳುವವರಿಗೆ: ಅವು ನಮಗಲ್ಲ. ಅವುಗಳಲ್ಲಿ ಒಂದಾದ ಡಾಬಿಗಾಟ್ರಾನನ್ನು ಮೆಕ್ಯಾನಿಕಲ್ ವಾಲ್ವಿನವರ ಮೇಲೆ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚಿತು, ರಕ್ತಸ್ರಾವವೂ ಹೆಚ್ಚಿತು. ಆ ಪರೀಕ್ಷೆಯನ್ನು ಅರ್ಧದಲ್ಲೇ ನಿಲ್ಲಿಸಿದರು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ನಮ್ಮಲ್ಲಿ ಹೆಚ್ಚಿನವರಿಗೆ ಕೊಡುವುದು ಅಸಿಟ್ರಾಂ, ಕೆಲವರಿಗೆ ವಾರ್ಫರಿನ್. ಅಸಿಟ್ರಾಂ ಮೈಯಿಂದ ಬೇಗ ಇಳಿಯುತ್ತದೆ, ವಾರ್ಫರಿನ್ ನಿಧಾನ. ಅದಕ್ಕೇ ಅಸಿಟ್ರಾಂನವರು ಒಂದು ಹೊತ್ತು ತಪ್ಪಿಸಿದರೂ ಅಂಕಿ ಬೇಗ ಜಾರುತ್ತದೆ. ನಾನು ನುಂಗುವುದು ಸಂಜೆ ಏಳಕ್ಕೆ. ಬೆಳಿಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನಕ್ಕೆ ರಿಪೋರ್ಟ್ ಬರುತ್ತದೆ, ಡೋಸ್ ಬದಲಿಸಬೇಕಿದ್ದರೆ ಅಂದೇ ಬದಲಿಸಬಹುದು. ಮರೆತದ್ದು ಅದೇ ರಾತ್ರಿ ನೆನಪಾದರೆ ನುಂಗುತ್ತೇನೆ. ಮರುದಿನ ನೆನಪಾದರೆ ಬಿಟ್ಟು, ಪುಸ್ತಕದಲ್ಲಿ ‘ತಪ್ಪಿತು’ ಎಂದು ಬರೆಯುತ್ತೇನೆ. ಎರಡು ಸೇರಿಸಿ ನುಂಗುವುದಿಲ್ಲ. ಅಸಿಟ್ರಾಂ 1, 2, 3, 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಅಂಗಡಿಯವರು ‘2 ಇಲ್ಲ, 4 ಇದೆ, ಅರ್ಧ ಮಾಡ್ಕೊಳ್ಳಿ’ ಎಂದರೆ ಬೇಡ ಎನ್ನಿ. ಒಂದು ರಾತ್ರಿ ಅರ್ಧ ಮಾಡಲು ಮರೆತರೆ ಡೋಸ್ ದುಪ್ಪಟ್ಟಾಯಿತು. ಮನೆಯಲ್ಲಿ ಒಂದೇ ಅಳತೆಯ ಸ್ಟ್ರಿಪ್ ಇರಲಿ, ಕೊನೆಯ ಹತ್ತು ಮಾತ್ರೆ ಉಳಿದಾಗಲೇ ಹೊಸದು ತನ್ನಿ.

ಈಗ ಟೆಸ್ಟಿನ ವಿಚಾರ. ಡೋಸಿನ ತಪ್ಪೆಂದು ಕಾಣುವ ಎಷ್ಟೋ ಏರಿಳಿತಗಳ ಬೇರು ಇರುವುದು ಇಲ್ಲಿ. ಐಎನ್‌ಆರ್ ಲೆಕ್ಕ ಹಾಕುವ ಪಿಟಿ ಟೆಸ್ಟಿಗೆ ರಕ್ತ ಹಿಡಿಯುವುದು ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ. ಒಳಗೆ ಸಿಟ್ರೇಟ್ ದ್ರವ ಇರುತ್ತದೆ, ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಬೀಳಬೇಕು: 0.3 ಮಿಲಿಲೀಟರಿಗೆ 2.7. ಗೆರೆ ಮುಟ್ಟುವಷ್ಟು ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಹೆಪ್ಪುಗಟ್ಟುವುದು ತಡವಾಗುತ್ತದೆ, ಐಎನ್‌ಆರ್ ಇಲ್ಲದ ಎತ್ತರ ತೋರಿಸುತ್ತದೆ. ಅದನ್ನು ನಂಬಿ ಮಾತ್ರೆ ಇಳಿಸಿದರೆ ನಿಜವಾದ ಐಎನ್‌ಆರ್ ಗುರಿಗಿಂತ ಕೆಳಗೆ ಹೋಗುತ್ತದೆ. ರಕ್ತ ತೆಗೆಯುವಾಗ ನಾನು ಸೂಜಿ ನೋಡುವುದಿಲ್ಲ, ಟ್ಯೂಬಿನ ಗೆರೆ ನೋಡುತ್ತೇನೆ.

ಇನ್ನೊಂದು, ರಿಪೋರ್ಟಿನ ಮೂಲೆಯಲ್ಲಿ ಬರೆದಿರುವ ಐಎಸ್‌ಐ. ಇದು ಲ್ಯಾಬ್ ಬಳಸುವ ರಾಸಾಯನಿಕದ ಸೂಕ್ಷ್ಮತೆಯ ಅಂಕಿ. ನಿಮ್ಮ ರಕ್ತ ಹೆಪ್ಪುಗಟ್ಟಲು 30 ಸೆಕೆಂಡ್, ಕಂಟ್ರೋಲ್ (ಹೋಲಿಕೆಗೆ ಇಟ್ಟ ಸಾಮಾನ್ಯ ರಕ್ತ) 12 ಸೆಕೆಂಡ್ ಎಂದುಕೊಳ್ಳಿ, ಅನುಪಾತ 2.5. ಐಎಸ್‌ಐ 1.0 ಇದ್ದರೆ ಐಎನ್‌ಆರ್ 2.5. ಅದೇ ಸೆಕೆಂಡುಗಳಿಗೆ ಐಎಸ್‌ಐ 1.3 ಇದ್ದರೆ 3.3 ಹತ್ತಿರ. ಆದ್ದರಿಂದ ಬರೀ ಸೆಕೆಂಡು ಬರೆದುಕೊಟ್ಟ ರಿಪೋರ್ಟಿನಿಂದ ನಮಗೆ ಉಪಯೋಗವಿಲ್ಲ. ಐಎಸ್‌ಐ 1ರ ಆಸುಪಾಸಿನಲ್ಲಿರುವ ಒಂದು ಲ್ಯಾಬ್ ಹಿಡಿದು, ಸದಾ ಅಲ್ಲಿಗೇ ಹೋಗುವುದು ಮೇಲು. ಮನೆಯ ಮೀಟರ್ ಇದ್ದವರು ಬೆರಳು ಚುಚ್ಚಿದ 15 ಸೆಕೆಂಡಿನೊಳಗೆ ಮೊದಲ ಹನಿಯನ್ನೇ ಸ್ಟ್ರಿಪ್ಪಿಗೆ ಹಾಕಿ. ಹಿಸುಕಿ ಹಿಸುಕಿ ತೆಗೆದ ಹನಿ ಸುಳ್ಳು ಹೇಳುತ್ತದೆ. 4 ದಾಟಿ ತೋರಿಸಿದರೆ ಲ್ಯಾಬಿನಲ್ಲಿ ಮತ್ತೆ ನೋಡಿಸಿ.

ಡೋಸನ್ನು ದಿನದ ಲೆಕ್ಕದಲ್ಲಿ ನೋಡದೆ ವಾರದ ಲೆಕ್ಕದಲ್ಲಿ ನೋಡಿ. ದಿನಕ್ಕೆ 2 ಮಿಲಿಗ್ರಾಂ ಎಂದರೆ ವಾರಕ್ಕೆ 14. ಅಂಕಿ 2.2ಕ್ಕೆ ಇಳಿದಿದೆ, ಮಾತ್ರೆ ತಪ್ಪಿಲ್ಲ, ಊಟ ಬದಲಾಗಿಲ್ಲ ಎಂದಾದರೆ ಡಾಕ್ಟರು ಸಾಮಾನ್ಯವಾಗಿ ವಾರದ ಮೊತ್ತದ 5ರಿಂದ 15 ಶೇಕಡಾ ಏರಿಸುತ್ತಾರೆ: 15 ಮಿಲಿಗ್ರಾಂ, ಅಂದರೆ ಭಾನುವಾರ ಮಾತ್ರ 3, ಉಳಿದ ದಿನ 2. ಒಂದು ವಾರ ಬಿಟ್ಟು ಮತ್ತೆ ಟೆಸ್ಟ್. ಅಂಕಿ ಕಂಡ ಕೂಡಲೇ ದಿನಾ 3 ನುಂಗುವವರು ಮುಂದಿನ ವಾರ 5ಕ್ಕೆ ಬಂದು ನಿಲ್ಲುತ್ತಾರೆ. ಸ್ಥಿರವಾಗಿದ್ದರೂ ತಿಂಗಳಿಗೊಮ್ಮೆ ನೋಡಿಸುವ ಪರಿಪಾಠ ನಾನು ಬಿಟ್ಟಿಲ್ಲ.

ಸೊಪ್ಪು ಮುಟ್ಟಬೇಡಿ ಎಂದು ಎಲ್ಲರೂ ಹೇಳಿಕಳಿಸುತ್ತಾರೆ. ಮುದ್ದೆ, ಬಸ್ಸಾರಿನ ಮನೆಯಲ್ಲಿ ಅದು ನಡೆಯುವ ಮಾತಲ್ಲ, ಬೇಕಾಗಿಯೂ ಇಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಗೆ ಎದುರಾಗಿ ನಿಲ್ಲುತ್ತದೆ, ನಿಜ. ಆದರೆ ದಿನವೂ ಅಷ್ಟೇ ಬಿದ್ದರೆ ಡೋಸನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಪೂರ್ತಿ ಬಿಟ್ಟವರ ಅಂಕಿ ಮದುವೆಮನೆಯ ಒಂದೂಟಕ್ಕೇ ಅಲ್ಲಾಡುತ್ತದೆ. ನನ್ನ ಅಳತೆ ವಾರಕ್ಕೆ ನಾಲ್ಕು ದಿನ, ಬೇಯಿಸಿದ ಸೊಪ್ಪು ಒಂದು ಸಣ್ಣ ಬಟ್ಟಲು. ನುಗ್ಗೆ, ದಂಟು, ಪಾಲಕ್, ಹರಿವೆ ಯಾವುದಾದರೂ ಸರಿ. ಮಳೆ ಬಿದ್ದು ಸೊಪ್ಪು ಅಗ್ಗವಾದಾಗ ಮೂರು ಹೊತ್ತೂ ಮಸ್ಸೊಪ್ಪು ಎಂದರೆ ಅಂಕಿ ಇಳಿಯುತ್ತದೆ. ಉಪವಾಸ, ವಾಂತಿ, ಭೇದಿ ಇದ್ದಾಗ ಏರುತ್ತದೆ. ಶ್ರಾವಣದಲ್ಲಿ ಒಪ್ಪತ್ತು ಮಾಡುವವರು ಒಂದು ಟೆಸ್ಟ್ ಹೆಚ್ಚು ಮಾಡಿಸಿ.

ಊಟಕ್ಕಿಂತ ಹೆಚ್ಚು ಕೆಡಿಸುವುದು ಬೇರೆ ಔಷಧಿ. ಭೇದಿಗೆ ಅಂಗಡಿಯಲ್ಲಿ ಕೈಗಿಡುವ ಮೆಟ್ರೊನಿಡಜೋಲ್, ಉರಿಮೂತ್ರಕ್ಕೆ ಕೊಡುವ ಕೋಟ್ರೈಮಾಕ್ಸಜೋಲ್, ಹುಳಕಡ್ಡಿಯ ಫ್ಲುಕೊನಜೋಲ್, ಮೂರೂ ಐಎನ್‌ಆರನ್ನು ಕೆಲವೇ ದಿನದಲ್ಲಿ ಮೇಲಕ್ಕೆ ತಳ್ಳುತ್ತವೆ. ಟಿಬಿಯ ರಿಫಾಂಪಿಸಿನ್ ಕೆಳಕ್ಕೆ ಎಳೆಯುತ್ತದೆ, ಅದನ್ನು ನಿಲ್ಲಿಸಿದ ಮೇಲೆ ಮತ್ತೆ ಏರುತ್ತದೆ. ಯಾವುದೇ ಹೊಸ ಕೋರ್ಸ್ ಶುರುವಾದರೆ ಮೂರರಿಂದ ಐದನೇ ದಿನಕ್ಕೆ ಟೆಸ್ಟ್. ನೋವಿಗೆ ಪ್ಯಾರಸಿಟಮಾಲ್ ಸಾಕು, ಅದನ್ನೂ ವಾರಗಟ್ಟಲೆ ಎಳೆಯಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಅದರಲ್ಲೂ ಸೊಂಟಕ್ಕೆ ಹಾಕುವ ಡೈಕ್ಲೋ ಸೂಜಿ! ಒಳಗೆ ಮಾಂಸದಲ್ಲಿ ರಕ್ತ ತುಂಬಿ ತೊಡೆ ಬಿಗಿಯಾದ ಮೇಲೆ ಮಾಡುವುದೇನು? ರುಮಾಟಿಕ್ ಜ್ವರದವರಿಗೆ 21 ದಿನಕ್ಕೊಮ್ಮೆ ಬೇಕಾದ ಪೆನಿಸಿಲಿನ್ ಸೂಜಿ ಬೇರೆ ಮಾತು. ಅದನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು, ಸೂಜಿ ಬೇಡವೆನಿಸಿದರೆ ಮಾತ್ರೆಗೆ ಬದಲಿಸಬಹುದೇ ಎಂದು ಹೃದಯದ ಡಾಕ್ಟರನ್ನೇ ಕೇಳಿ.

ಹಲ್ಲು ಕೀಳಿಸುವ ಮುನ್ನ ‘ಐದು ದಿನ ರಕ್ತದ ಮಾತ್ರೆ ಬಿಡಿ’ ಎಂದರೆ ಹೃದಯದ ಡಾಕ್ಟರಿಗೆ ಫೋನ್ ಮಾಡದೆ ಬಿಡಬೇಡಿ. ಐಎನ್‌ಆರ್ ಗುರಿಯೊಳಗಿದ್ದರೆ ಒಂದು ಹಲ್ಲನ್ನು ಮಾತ್ರೆ ನಿಲ್ಲಿಸದೆಯೇ ಕೀಳಬಹುದು. ಹೊಲಿಗೆ ಹಾಕಿ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ಡಿನಲ್ಲಿ ಬಾಯಿ ಮುಕ್ಕಳಿಸಲು ಕೊಡುತ್ತಾರೆ. ಕೀಳುವ ಅರ್ಧದಿಂದ ಒಂದು ಗಂಟೆ ಮುಂಚೆ ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಪೆನಿಸಿಲಿನ್ ಅಲರ್ಜಿ ಇದ್ದರೆ ಅಜಿತ್ರೊಮೈಸಿನ್ 500 ಮಿಲಿಗ್ರಾಂ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ವಾಲ್ವಿನ ಅಂಚಿನಲ್ಲಿ ಗೂಡು ಕಟ್ಟದಿರಲಿ ಎಂದು ಇದು. ಕಾರಣ ಗೊತ್ತಾಗದ ಜ್ವರ ಎರಡು ಮೂರು ದಿನ ಬಿಡದಿದ್ದರೆ ಮೊದಲು ಬ್ಲಡ್ ಕಲ್ಚರ್, ಆಮೇಲೆ ಆಂಟಿಬಯಾಟಿಕ್. ಬಡಾವಣೆಯ ಕ್ಲಿನಿಕ್ಕಿನಲ್ಲಿ ಎರಡು ಡೋಸ್ ನುಂಗಿ ಬಂದರೆ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ, ಯಾವ ಕ್ರಿಮಿ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಡೆಂಗಿಯ ಕಾಲವಾದರೆ ಪ್ಲೇಟ್‌ಲೆಟ್ ಕೂಡ ನೋಡಿಸಿ. ಅದು ಕುಸಿಯುತ್ತಿರುವಾಗ ಮಾತ್ರೆಯನ್ನು ಏನು ಮಾಡಬೇಕೆಂಬ ತೀರ್ಮಾನ ಆಸ್ಪತ್ರೆಯದು.

ಈಳಿಗೆಮಣೆಯಲ್ಲಿ ಬೆರಳು ಕೊಯ್ದರೆ ಬಟ್ಟೆ ಒತ್ತಿ ಹತ್ತು ನಿಮಿಷ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ, ಮಲ ಡಾಂಬರಿನಂತೆ ಕಪ್ಪಾದರೂ ಅಷ್ಟೇ.

ಕೊನೆಗೆ ಆ ಟಿಕ್ ಟಿಕ್. ರಾತ್ರಿ ಎಡಮಗ್ಗುಲಲ್ಲಿ ಮಲಗಿದರೆ ದಿಂಬಿಗೇ ಕೇಳಿಸುತ್ತದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪಿಸಿ, 1990ರಲ್ಲಿ ಮೊದಲ ರೋಗಿಗೆ ಜೋಡಿಸಿದ ಚಿತ್ರಾ ವಾಲ್ವಿನ ಓಲಾಡುವ ತಟ್ಟೆ ಪಾಲಿಎಥಿಲೀನಿನದು, ಅದರ ಸದ್ದು ಮೆತ್ತಗೆ. ಯಾವ ವಾಲ್ವಾದರೂ ನಿಮ್ಮ ಸದ್ದು ನಿಮಗೆ ಪರಿಚಯವಿರಲಿ. ಅದು ಮಂಕಾಗಿ, ಜೊತೆಗೆ ಉಸಿರು ಕಟ್ಟುತ್ತಿದ್ದರೆ, ಅದರಲ್ಲೂ ಹಿಂದಿನ ವಾರಗಳಲ್ಲಿ ಮಾತ್ರೆ ತಪ್ಪಿದ್ದರೆ, ಎಲೆ ಹೆಪ್ಪಿನಲ್ಲಿ ಸಿಕ್ಕಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ. ಎಕೋ ಮತ್ತು ಫ್ಲೋರೋಸ್ಕೋಪಿ (ಎಲೆ ಆಡುವುದನ್ನು ತೋರಿಸುವ ಎಕ್ಸ್‌ರೇ) ಎರಡೂ ಇರುವ ಆಸ್ಪತ್ರೆಗೇ ನೇರ ಹೋಗಿ, ವಾಲ್ವಿನ ಮಾದರಿ ಮತ್ತು ಅಳತೆ ಬರೆದಿರುವ ಕಾರ್ಡು ಹಾಗೂ ಐಎನ್‌ಆರ್ ಪುಸ್ತಕವನ್ನು ಮೊದಲು ಅವರ ಕೈಗೆ ಕೊಡಿ.