ಒಂದೇ ಕೀಲಿಮಣೆಯಲ್ಲಿ ಹಲವು ಭಾಷೆಗಳು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ‘ಟೈಮ್ ಅಂಡ್ ಲ್ಯಾಂಗ್ವೇಜ್’ ವಿಭಾಗದ ‘ಲ್ಯಾಂಗ್ವೇಜ್ ಅಂಡ್ ರೀಜನ್’ ಪುಟದಲ್ಲಿ ಬೇಕಾದ ಭಾಷೆಯನ್ನು ಸೇರಿಸಿಕೊಳ್ಳಬೇಕು. ಅದನ್ನು ಪ್ರದರ್ಶನ ಭಾಷೆಯಾಗಿಸುವ ಚೌಕಕ್ಕೆ ಗುರುತು ಹಾಕದಿದ್ದರೆ ಮೆನುಗಳು ಇದ್ದ ಭಾಷೆಯಲ್ಲೇ ಉಳಿಯುತ್ತವೆ. ಮ್ಯಾಕ್‌ನಲ್ಲಿ ಇದೇ ಕೆಲಸ ಕೀಬೋರ್ಡ್ ಸೆಟ್ಟಿಂಗ್ಸ್‌ನ ‘ಇನ್‌ಪುಟ್ ಸೋರ್ಸಸ್’ ಎಂಬಲ್ಲಿ ಆಗುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ವಿನ್ಯಾಸದ, ಅಂದರೆ ಯಾವ ಅಕ್ಷರ ಯಾವ ಕೀಲಿಯಲ್ಲಿ ಎಂಬುದರ ಆಯ್ಕೆಯನ್ನು. ಕನ್ನಡಕ್ಕೆ ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯನ್ನು ಅನುಸರಿಸುವ ಫೊನೆಟಿಕ್ ವಿನ್ಯಾಸ ಬೇಗ ಕೈಗೆ ಹತ್ತುತ್ತದೆ. ಆದರೆ ಕನ್ನಡದ ಜೊತೆಗೆ ಹಿಂದಿ, ತೆಲುಗುಗಳನ್ನೂ ಬರೆಯುವವರಿಗೆ ನನ್ನ ಸಲಹೆ ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ವಿನ್ಯಾಸ, ಏಕೆಂದರೆ ಅದರಲ್ಲಿ ‘ಕ’ ಎಂಬ ಧ್ವನಿ ಮೂರೂ ಲಿಪಿಗಳಿಗೆ ಇಂಗ್ಲಿಷಿನ ಕೆ ಕೀಲಿಯಲ್ಲೇ ಇರುತ್ತದೆ. ಒತ್ತಕ್ಷರಕ್ಕೆ ಎರಡು ವ್ಯಂಜನಗಳ ನಡುವೆ ಡಿ ಕೀಲಿಯ ವಿರಾಮವನ್ನು, ಅಂದರೆ ‘ಕ್’ನಲ್ಲಿರುವಂತೆ ಸ್ವರವನ್ನು ತೆಗೆಯುವ ಚಿಹ್ನೆಯನ್ನು, ಒತ್ತಬೇಕು. ‘ಸೂರ್ಯ’ ಪದದಲ್ಲಿ ಅರ್ಕಾವೊತ್ತು ಯಕಾರದ ನಂತರ ಕಾಣಿಸಿದರೂ ರಕಾರ, ವಿರಾಮ, ಯಕಾರ ಎಂಬ ಉಚ್ಚಾರಣೆಯ ಕ್ರಮದಲ್ಲೇ ಟೈಪ್ ಮಾಡಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದಾಗಲೆಲ್ಲ ಭಾಷೆ ಬದಲಾಗುತ್ತದೆ, ಸದ್ಯದ ಭಾಷೆ ಯಾವುದೆಂಬುದು ಟಾಸ್ಕ್‌ಬಾರ್‌ನ ಮೂಲೆಯಲ್ಲಿ ಕಾಣುತ್ತದೆ. ಸರಿಯಾದ ಪಾಸ್‌ವರ್ಡ್ ಕೂಡ ತಿರಸ್ಕೃತವಾದರೆ ಮೊದಲು ನೋಡಬೇಕಾದದ್ದು ಆ ಮೂಲೆಯನ್ನೇ.